ಟೀಚರಕ್ಕನ ಉಡಿಯಲ್ಲಿ ಅದುರಿನ ಕಲ್ಲು

ಇವತ್ತು ಬೆಳಿಗ್ಗೆ ಸಂಡೂರಿನ ಗುಡ್ಡಗಳು ಕಾಣುತ್ತಿಲ್ಲ. ಪುಷ್ಯಮಾಸದ ಮಂಜು ಬುಡದಿಂದ ನೆತ್ತಿಯವರೆಗೂ ಕಂಬಳಿಯಂತೆ ಹೊದ್ದುಕೊಂಡಿದೆ. ರಾತ್ರಿಯಿಡೀ ಸುರಿದ ಇಬ್ಬನಿಗೆ ರಸ್ತೆಯ ಕೆಂಪು ಧೂಳು ನೆನೆದು, ಕುಂಕುಮ ಕಲಸಿಟ್ಟಂತೆ ಮೆತ್ತಗೆ ಕೂತಿದೆ. ವರ್ಷದಲ್ಲಿ ಇಂಥ ನಾಲ್ಕಾರು ಬೆಳಗುಗಳಲ್ಲಿ ಮಾತ್ರ ಈ ಕಡೆ ಧೂಳು ಏಳುವುದಿಲ್ಲ. ಗಾಳಿಯಿಲ್ಲ. ಚಳಿ ಮಾತ್ರ ಎಲುಬಿನೊಳಗೆ ಇಳಿಯುವಂಥದ್ದು.

ಆರು ಗಂಟೆ ಹತ್ತು ನಿಮಿಷಕ್ಕೆ ಯಶವಂತನಗರದ ಕೂಡುರಸ್ತೆಯಲ್ಲಿ ಗಣಿ ಕೆಲಸಗಾರರ ಬಸ್ಸು ನಿಲ್ಲುತ್ತದೆ. ಅದರಲ್ಲಿ ಹತ್ತುವವರೆಲ್ಲ ತಲೆಗೆ ಹಳದಿ ಟೊಪ್ಪಿಗೆಯವರು, ಒಬ್ಬರನ್ನು ಬಿಟ್ಟು. ಸೀರೆಯ ಮೇಲೊಂದು ಗಂಡಸರ ಸ್ವೆಟರು ತೊಟ್ಟು, ಎದೆಗೊಂದು ಬಟ್ಟೆಚೀಲ ಅವಚಿಕೊಂಡು, ಬಲಗಾಲನ್ನು ಮೊದಲು ಮೆಟ್ಟಿಲ ಮೇಲಿಟ್ಟು, ಒಂದು ಕ್ಷಣ ನಿಂತು ಉಸಿರು ತೆಗೆದುಕೊಂಡು, ಆಮೇಲೆ ಎಡಗಾಲನ್ನು ಎಳೆದುಕೊಳ್ಳುವ ಈ ಹೆಣ್ಣುಮಗಳು ಅನುಸೂಯಾ. ಐವತ್ತೆಂಟು ವರ್ಷ. ಬನ್ನಿಕಟ್ಟೆ ಹಟ್ಟಿಯ ಅಂಗನವಾಡಿ ಕಾರ್ಯಕರ್ತೆ. ಹಟ್ಟಿಗೆಲ್ಲ ಟೀಚರಕ್ಕ.

"ಟೀಚರಕ್ಕ, ನಿಮ್ಮ ಮೊಣಕಾಲಿಗೂ ಒಂದು ಪಾಸ್ ಮಾಡಸ್ಬೇಕ್ರಿ. ಅದು ಬ್ಯಾರೇನ ಟೈಮ್ ತಗೊಂತೈತಿ," ಎನ್ನುತ್ತಾನೆ ಡ್ರೈವರ್ ಹೊನ್ನೂರುಸ್ವಾಮಿ.

"ನಿನ್ನ ಬಸ್ಸನ್ನ ಸ್ವಲ್ಪ ಕುಂದ್ರಸು, ನಾನು ಜಲ್ದಿ ಹತ್ತತೀನಿ."

"ಇದು ಕುಂತ್ರ ಏಳಂಗಿಲ್ರೀ ಅಕ್ಕ. ನಿಮಗಿಂತ ಮುದಿ ಐತಿ."

ಬಸ್ಸು ನಗುತ್ತದೆ. ಕಂಪನಿಯ ಬಸ್ಸಿನಲ್ಲಿ ಅಂಗನವಾಡಿಯವರು ಕೂರುವ ರೀತಿ ರಿವಾಜು ಇಲ್ಲ. ಹೊನ್ನೂರುಸ್ವಾಮಿಯ ಹಿರಿಮಗಳು ಬನ್ನಿಕಟ್ಟೆಯ ಅಂಗನವಾಡಿಯಲ್ಲಿ ಅಕ್ಷರ ಕಲಿತವಳು. ಅಷ್ಟೇ ಇದರ ಹಿಂದಿನ ಕಾನೂನು.

ಅನುಸೂಯಾ ಚೀಲವನ್ನು ತೊಡೆಯ ಮೇಲೂ ಇಡುವುದಿಲ್ಲ, ಅವಚಿಕೊಂಡೇ ಕೂರುತ್ತಾರೆ. ಅದರಲ್ಲಿ ಮೊಬೈಲು, ಕನ್ನಡಕ, ಮಾತ್ರೆಯ ಡಬ್ಬಿ, ಮತ್ತು ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿದ ಒಂದು ಹಸಿ ಮೊಟ್ಟೆ. ಮನೆಯ ಹಿತ್ತಲಿನ ಕೋಳಿ ಇಟ್ಟದ್ದು. ರಸ್ತೆಯ ಗುಂಡಿಗಳು ಎಲ್ಲೆಲ್ಲಿವೆ ಎಂದು ಈಗ ಅವರ ಎದೆಗೆ ಗೊತ್ತು. ಬಸ್ಸು ಜಿಗಿಯುವ ಮೊದಲೇ ತೋಳು ಬಿಗಿಯಾಗುತ್ತದೆ.

ಇವತ್ತು ತೂಕದ ದಿನ. ತಿಂಗಳಿಗೊಮ್ಮೆ ಹಟ್ಟಿಯ ಅಷ್ಟೂ ಮಕ್ಕಳನ್ನು ತೂಗಬೇಕು. ಆದರೆ ನಿನ್ನೆಯಿಂದ ಅನುಸೂಯಾ ಅವರ ಮನಸ್ಸಿನಲ್ಲಿ ಕೂತಿರುವುದು ಒಂದೇ ಮಗು: ಪಂಪೇಶ. ಮೂರು ವರ್ಷ ಮೂರು ತಿಂಗಳ ಹುಡುಗ. ಬೆಳವಣಿಗೆಯ ಪಟ್ಟಿಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ಕೆಂಪೆಂದರೆ ಜೀವ ತೂಗುಯ್ಯಾಲೆಯಲ್ಲಿದೆ ಎಂದು ಅರ್ಥ. ಪಂಪೇಶ ಐದು ತಿಂಗಳಿಂದ ಕೆಂಪಿನಲ್ಲಿದ್ದಾನೆ. ಇವತ್ತು ಅವನು ಮೇಲೆ ಬಂದಿರಬೇಕು. ಬಾರದಿದ್ದರೆ ಮತ್ತೆ ಆಸ್ಪತ್ರೆ, ಮತ್ತೆ ಹದಿನಾಲ್ಕು ದಿನ. ಅವನ ಅಜ್ಜಿ ಇನ್ನೊಮ್ಮೆ ಅದಕ್ಕೆ ಒಪ್ಪುವುದಿಲ್ಲ ಎಂಬುದು ಹಟ್ಟಿಗೆಲ್ಲ ಗೊತ್ತು.

ಬನ್ನಿಕಟ್ಟೆಯಲ್ಲಿ ಇಳಿಯುವಾಗ ಇನ್ನೂ ನಸುಕು. ಅಂಗನವಾಡಿ ಎಂದರೆ ಒಂದು ಕೋಣೆ, ಮೂಲೆಯಲ್ಲಿ ಅಡುಗೆ, ಮುಂದೊಂದು ತಗಡಿನ ಚಪ್ಪರ. ಮೆಟ್ಟಿಲ ಮೇಲೆ ಆಗಲೇ ಐದು ಮಕ್ಕಳು ಒಂದೇ ಚಾದರದೊಳಗೆ ತಲೆ ಮಾತ್ರ ಹೊರಗಿಟ್ಟು ಕೂತಿವೆ. ಸಹಾಯಕಿ ದ್ಯಾಮಕ್ಕ ಒಳಗೆ ಒಲೆ ಹಚ್ಚುತ್ತಿದ್ದಾರೆ.

ಸರ್ಕಾರದ ಲೆಕ್ಕದಲ್ಲಿ ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ಹಟ್ಟಿಯ ಹೊತ್ತೇ ಬೇರೆ. "ಮೆಣಸಿನಕಾಯಿ ಬಿಡಸಾಕ ಕರಕೊಂಡು ಹೋಗೋ ಆಟೋ ಆರೂವರಿಗಿ ಬರತೈತ್ರಿ. ಕಂಪ್ಲಿ ಕಡಿ ನಾಟಿಗಿ ಹೋಗೋರು ಇನ್ನೂ ಮುಂಚೆ. ತಾಯಿ ಹೋದ ಮ್ಯಾಲೆ ಮೂರು ತಾಸು ಕೂಸಿನ್ನ ಯಾರು ನೋಡಬೇಕು? ಮೊದಲ ಹಂಗ ಬಿಟ್ಟು ಹೋಗತಿದ್ರು. ಒಂದು ಕೂಸು ರೋಡಿಗಿ ಹೋಗಿ ಲಾರಿ ಮುಂದ ಕುಂತಿತ್ತು. ಡ್ರೈವರ ಇಳದು ಎತ್ತಿಕೊಂಡು ಬಂದು ನನ್ನ ಮುಂದ ನಿಂತು ಅತ್ತ. ಅವತ್ತಿಂದ ಹಿಂಗ ಬರತೀನಿ," ಎನ್ನುತ್ತಾರೆ ಅನುಸೂಯಾ. ಅವತ್ತಿನಿಂದ ಎಂದರೆ ಹದಿನೇಳು ವರ್ಷ. ಈ ಮೂರು ತಾಸು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಬಾಗಿಲು ತೆರೆದ ಕೂಡಲೇ ಅವರು ಮಾಡುವ ಕೆಲಸ ಒಂದೇ. ತೊಲೆಗೆ ನೇತುಬಿಟ್ಟ ತಕ್ಕಡಿಯ ಕೊಂಡಿಗೆ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಗುಡ್ಡ ಇರಬೇಕಾದ ದಿಕ್ಕಿಗೆ ಕೈಮುಗಿಯುತ್ತಾರೆ. ಮಂಜಿನಲ್ಲಿ ಗುಡ್ಡ ಕಾಣದಿದ್ದರೇನು, ಗುಡ್ಡದ ದೇವರು ಕುಮಾರಸ್ವಾಮಿ ಅಲ್ಲೇ ಇದ್ದಾನಲ್ಲ. ಮಕ್ಕಳೂ ಚಾದರದಿಂದ ಕೈ ಹೊರಗೆ ತೆಗೆದು ಮುಗಿಯುತ್ತವೆ.

ಅನುಸೂಯಾ ಹುಟ್ಟಿದ್ದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದ ಓಣಿಯ ಮೊದಲ ಹುಡುಗಿ. ಯಶವಂತನಗರಕ್ಕೆ ಮದುವೆಯಾಗಿ ಬಂದದ್ದು ಗಣಿಯಲ್ಲಿ ಪಂಪು ನಡೆಸುವವರನ್ನು ಕಟ್ಟಿಕೊಂಡು. ಆ ಯಜಮಾನರು ಈಗ ಕೆಮ್ಮು ಹಚ್ಚಿಕೊಂಡು ಮನೆಯಲ್ಲಿದ್ದಾರೆ, ಐದು ಕೋಳಿಗಳನ್ನು ಕಾಯುತ್ತಾರೆ. ಅನುಸೂಯಾ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ಮೊದಲ ಆರು ವರ್ಷ ಅಂಗನವಾಡಿ ನಡೆದದ್ದು ಯಾರದೋ ಎತ್ತಿನ ಕೊಟ್ಟಿಗೆಯಲ್ಲಿ. ಎತ್ತುಗಳು ಹೊಲಕ್ಕೆ ಹೋದ ಮೇಲೆ ಶಾಲೆ, ಎತ್ತುಗಳು ಬಂದರೆ ಶಾಲೆ ಬಿಟ್ಟಿತು.

ಈಗ ದಾಖಲೆಯಲ್ಲಿ ನಲವತ್ತಾರು ಮಕ್ಕಳು. ದಿನಾ ಬರುವವರು ಇಪ್ಪತ್ತೆಂಟು. ಬಸುರಿಯರು ಐವರು, ಬಾಣಂತಿಯರು ಆರು ಮಂದಿ. ಹಾಲು ಕಾಸಬೇಕು, ಅನ್ನ ಸಾರು ಆಗಬೇಕು, ಚುಚ್ಚುಮದ್ದಿನ ದಿನ ಮನೆಮನೆಗೆ ಕರೆಯಬೇಕು. ಪ್ರತಿ ಮಗುವಿನ ಎತ್ತರ ತೂಕ ಮೊಬೈಲಿಗೆ ಹತ್ತಿಸಬೇಕು. ಮೊಬೈಲಿಗೆ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಏಳನೆಯ ಮೆಟ್ಟಿಲ ಮೇಲೆ ಮಾತ್ರ. "ಆರನೇದ್ರಾಗ ಬರಂಗಿಲ್ಲ. ಎಂಟನೇದ್ರಾಗ ನನ್ನ ಮೊಣಕಾಲು ಬರಂಗಿಲ್ಲ," ಎಂದು ದ್ಯಾಮಕ್ಕನಿಗೆ ಹೇಳಿ ಹತ್ತುತ್ತಾರೆ. ಇದನ್ನು ದ್ಯಾಮಕ್ಕ ಎಷ್ಟು ಸಲ ಕೇಳಿದ್ದಾರೋ. ಪ್ರತಿ ಸಲವೂ ನಗುತ್ತಾರೆ, ದಣಿದವರು ದಣಿದವರಿಗೆ ಮಾಡುವ ಉಪಕಾರದಂತೆ.

ಕಲಿಸುವುದೂ ಇದೇ ಕೋಣೆಯಲ್ಲಿ. ಹಿಂದೊಮ್ಮೆ ಬಣ್ಣ ಹೇಳಿಕೊಡುತ್ತಾ, ಎಲೆ ಯಾವ ಬಣ್ಣ ಎಂದು ಕೇಳಿದರು. ಇಪ್ಪತ್ತು ಮಕ್ಕಳು ಒಟ್ಟಿಗೆ ಕೂಗಿದರು: "ಕೆಂಪು!" ಮೇಲಿನಿಂದ ತಪಾಸಣೆಗೆ ಬಂದಿದ್ದ ಮೇಡಂ ಹುಬ್ಬೇರಿಸಿದರು. ಅನುಸೂಯಾ ಹೊರಗೆ ಹೋಗಿ ಬೇವಿನ ಟೊಂಗೆಯೊಂದನ್ನು ಮುರಿದು ತಂದರು. ಎಲೆಗಳು ನಿಜಕ್ಕೂ ಕೆಂಪಗಿದ್ದವು, ಗಣಿಯಿಂದ ಬರುವ ಕಬ್ಬಿಣದ ಅದುರಿನ ಧೂಳು ಕೂತು ಕೂತು. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸಿ ತೋರಿಸಿದರು. ಒಳಗಿಂದ ಹಸಿರು ಎದ್ದು ಬಂದಾಗ ಮಕ್ಕಳು ಬಾಯಿ ತೆರೆದುಕೊಂಡು ನೋಡಿದವಂತೆ. ಆ ದಿನದಿಂದ ಬೆಳಗಿನ ಮೊದಲ ಪಾಠ ಎಲೆ ಒರೆಸುವುದು. ಇವತ್ತಂತೂ ಇಬ್ಬನಿಯೇ ಅರ್ಧ ಒರೆಸಿಬಿಟ್ಟಿದೆ. "ದೇವರು ಟೀಚರಕ್ಕನ ಕೆಲಸ ಮಾಡ್ಯಾನ," ಎನ್ನುತ್ತಾಳೆ ಒಬ್ಬ ಪೋರಿ, ತುಸು ಬೇಸರದಿಂದ.

ಇಂಥ ಟೀಚರಕ್ಕನ ಕೈಯಲ್ಲೂ ಒಂದು ತಪ್ಪಾಯಿತು. ಅದನ್ನು ಅವರು ಮುಚ್ಚಿಡುವುದಿಲ್ಲ. ಕೇಳಿದವರಿಗೆ, ಕೇಳದವರಿಗೆ, ತಾವೇ ಹೇಳುತ್ತಾರೆ.

ಈ ಭಾಗದಲ್ಲಿ ಕೂಸುಗಳ ಉಡದಾರಕ್ಕೆ ಒಂದು ಕರಿಬಟ್ಟೆಯ ಗಂಟು ಇರುತ್ತದೆ. ಒಳಗೆ ಗುಡಿಯ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಇಲ್ಲವೇ ಬಜೆಯ ಬೇರು. ದೃಷ್ಟಿ ತಾಗದಿರಲಿ, ಗಾಳಿ ಸೋಕದಿರಲಿ ಎಂದು ಹಿರಿಯರು ಕಟ್ಟಿದ್ದು. ಅದನ್ನು ಪರರು ಬಿಚ್ಚುವಂತಿಲ್ಲ, ನೆಲಕ್ಕೆ ಇಡುವಂತಿಲ್ಲ. ತೂಗುವಾಗ ಅಂಗಿ ಚಡ್ಡಿ ತೆಗೆಸುವ ಅನುಸೂಯಾ ಆ ಗಂಟನ್ನು ಮಾತ್ರ ಮೂವತ್ತು ವರ್ಷ ಮುಟ್ಟಿದವರಲ್ಲ. ತಾವೂ ಸೋಮವಾರ ಒಪ್ಪೊತ್ತು ಮಾಡುವವರು. ಚಿಟಿಕೆ ಭಂಡಾರಕ್ಕೆ ಎಂಥ ತೂಕ?

ಪಂಪೇಶನ ಗಂಟಿನಲ್ಲಿದ್ದದ್ದು ಭಂಡಾರವಲ್ಲ. ಅವನ ಅಪ್ಪ ಅವ್ವ ಕಂಪ್ಲಿ ಕಡೆ ಗದ್ದೆ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಅಲ್ಲೇ ಇರುವವರು. ಮಗುವನ್ನು ನೋಡಿಕೊಳ್ಳುವವಳು ಅಜ್ಜಿ ಭೀಮವ್ವ. ಹರೆಯದಲ್ಲಿ ಗಣಿಯ ಅಂಗಳದಲ್ಲಿ ಸುತ್ತಿಗೆ ಹಿಡಿದು ಅದುರು ಒಡೆದ ಕೈ ಅವಳದು. ಹೋದ ಯುಗಾದಿಯ ಸುಮಾರಿಗೆ ಮೊಮ್ಮಗ ಜ್ವರ ಬಂದು ಬಂದು ಇಳಿದುಹೋದಾಗ, ಗುಡ್ಡದವ್ವನ ಹೆಸರಲ್ಲಿ ಒಂದು ಅದುರಿನ ಕಲ್ಲು ಆಯ್ದು ತಂದು ಕರಿಬಟ್ಟೆಯಲ್ಲಿ ಕಟ್ಟಿದಳು. ಕಬ್ಬಿಣ ಇದ್ದಲ್ಲಿ ಕೆಟ್ಟದ್ದು ಬರದು ಎಂಬ ನಂಬಿಕೆ. ಕಲ್ಲು ಗಾತ್ರದಲ್ಲಿ ಕೋಳಿಮೊಟ್ಟೆಯಷ್ಟು. ತೂಕ ಮುನ್ನೂರು ಗ್ರಾಂ.

ನಾಲ್ಕು ತಿಂಗಳು ಪಂಪೇಶ ಆ ಕಲ್ಲಿನೊಂದಿಗೇ ತೂಗಿದ. ನಾಲ್ಕು ತಿಂಗಳೂ ಕೆಂಪು ಗೆರೆಯ ಮೇಲೆ, ಕೂದಲೆಳೆಯಷ್ಟು ಮೇಲೆ, ಹಳದಿಯಲ್ಲಿ ನಿಂತ. ಕೆಂಪಿಗೆ ಇಳಿದ ಮಕ್ಕಳಿಗೆ ಸಿಗುವ ದಿನದ ಮೊಟ್ಟೆ, ಹೆಚ್ಚಿನ ಹಾಲು, ಡಾಕ್ಟರ ಭೇಟಿ ಯಾವುದೂ ಅವನಿಗೆ ಸಿಗಲಿಲ್ಲ. ಕಲ್ಲು ಅವನನ್ನು ಗಾಳಿಯಿಂದ ಕಾಯಿತೋ ಇಲ್ಲವೋ, ಮೊಟ್ಟೆಯಿಂದ ಕಾಯ್ದಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಹುಡುಗ ಮೈ ಹೊಲಸು ಮಾಡಿಕೊಂಡ. ತೊಳೆಯಲು ಕರೆದೊಯ್ದ ದ್ಯಾಮಕ್ಕ ನೆನೆದ ಗಂಟನ್ನು ಹಿಂಡಹೋದರು. ಅದು ಜಾರಿ ಬಚ್ಚಲ ಬಂಡೆಗೆ ಬಡಿದು ಠಣ್ ಎಂದಿತು.

"ಟೀಚರಕ್ಕಾ, ಜಲ್ದಿ ಬರ್ರಿ. ಇದು ಭಂಡಾರ ಅಲ್ಲ, ಅದುರು!"

ಅವತ್ತೇ ಮತ್ತೆ ತೂಗಿದರು. ಕಲ್ಲು ಸೇರಿ ಒಂಬತ್ತು ಕಿಲೋ ಒಂಬೈನೂರು. ಕಲ್ಲು ಬಿಟ್ಟು ಒಂಬತ್ತು ಆರುನೂರು. ಅನುಸೂಯಾ ತಕ್ಕಡಿಯ ಕೆಳಗೇ ಕೂತುಬಿಟ್ಟರು. "ಕೂಸಿನ ತೋಳು ನೋಡಿದ್ರ ತಿಳೀತಿತ್ರಿ. ಮೊಳಕೈ ಗಂಟು ಎದ್ದು ಕಾಣತಿತ್ತು. ನಾನು ತೋಳು ನೋಡಲಿಲ್ಲ, ಮುಳ್ಳು ನೋಡಿದೆ. ಮುಳ್ಳು ಹೇಳಿದ್ದು ಬರಕೊಂಡೆ. ದಣಿದಿದ್ದೆ ಅಂತ ಹೇಳಬಹುದು. ಆದ್ರ ನನ್ನ ದಣಿವು ಆ ಕೂಸು ಯಾಕ ಹೊರಬೇಕು?"

ಖರೆ ತೂಕವನ್ನೇ ಬರೆದರು. ಮೇಲಿನವರಿಂದ ಕಾರಣ ಕೇಳಿ ಕಾಗದ ಬಂತು. ಉತ್ತರವಾಗಿ ನಡೆದದ್ದನ್ನು ನಡೆದಂತೆ ಬರೆದುಕೊಟ್ಟರು. ಅದಕ್ಕಿಂತ ಕಷ್ಟವಾದದ್ದು ಭೀಮವ್ವನ ಬಾಗಿಲು.

"ನನ್ನ ಮೊಮ್ಮಗನ್ನ ಕೆಂಪಿಗಿ ಹಾಕಿದೇನವ್ವಾ ಟೀಚರವ್ವಾ? ನಿನ್ನಿ ತನಕ ಬೇಷಿದ್ದ, ಇವತ್ತು ಸಾಯೋ ಕೂಸಾತೇನು? ನನ್ನ ಕಲ್ಲು ಕಣ್ಣಿಗಿ ಚುಚ್ಚತು ನಿನಗ. ಹೋಗು, ನಿನ್ನ ಅಂಗನವಾಡಿ ನೀನಾ ಇಟ್ಗ!"

ಒಂಬತ್ತು ದಿನ ಪಂಪೇಶ ಬರಲಿಲ್ಲ. ಒಂಬತ್ತು ಸಂಜೆಯೂ ಅನುಸೂಯಾ ಕೊನೆಯ ಬಸ್ಸನ್ನು ಬಿಟ್ಟುಕೊಟ್ಟು ಆ ಬಾಗಿಲ ಮುಂದೆ ಹೋಗಿ ಕೂತರು. ಕಲ್ಲು ಸುಳ್ಳು ಎಂದು ಒಮ್ಮೆಯೂ ಹೇಳಲಿಲ್ಲ. ಒಂಬತ್ತನೆಯ ಸಂಜೆ ಭೀಮವ್ವನೇ ಮಾತು ತೆಗೆದಳು. "ಬಿಚ್ಚಿದ್ರ ಎಲ್ಲಿಡತಿ? ನೆಲಕ್ಕ ಇಟ್ರ ಗುಡ್ಡದವ್ವ ಸುಮ್ನಿರತಾಳೇನು?"

ಅನುಸೂಯಾ ಎದ್ದು ನಿಂತು ಸೆರಗನ್ನು ಮುಂದಕ್ಕೆ ಹಿಡಿದು ಉಡಿ ಒಡ್ಡಿದರು. "ನೆಲಕ್ಕ ಯಾಕವ್ವಾ? ಕೂಸು ತಕ್ಕಡ್ಯಾಗ ಇರೋತನಕ ನನ್ನ ಉಡಿಯಾಗ ಇರಲಿ. ಅಕ್ಕಿ ಕಾಯಿ ತುಂಬಿಸಿಕೊಂಡ ಉಡಿ ಇದು. ದೇವರ ಕಲ್ಲಿಗಿ ಜಾಗ ಇಲ್ಲೇನು? ಕೂಸು ಇಳದ ಮ್ಯಾಲೆ ನಿನ್ನ ಕೈಯಾಗ ನೀನಾ ಕಟ್ಟು."

ಭೀಮವ್ವ ಮಾರನೆಯ ದಿನ ಮಗುವನ್ನು ಹೊತ್ತು ತಂದಳು. ಆಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಅಜ್ಜಿ ಮೊಮ್ಮಗ ಹದಿನಾಲ್ಕು ದಿನ ಇದ್ದು ಬಂದರು. ಈಗ ಬನ್ನಿಕಟ್ಟೆಯಲ್ಲಿ ಎಲ್ಲ ಮಕ್ಕಳ ಗಂಟೂ ತೂಕದ ದಿನ ಟೀಚರಕ್ಕನ ಉಡಿಗೆ ಬರುತ್ತವೆ. ಭಂಡಾರವಿರಲಿ, ಬೇರಿರಲಿ, ಕಲ್ಲಿರಲಿ. ತಾಯಂದಿರೇ ಬಿಚ್ಚಿ ಹಾಕುತ್ತಾರೆ, ತಾಯಂದಿರೇ ಕಟ್ಟುತ್ತಾರೆ.

ಆಸ್ಪತ್ರೆಯಿಂದ ಬಂದ ದಿನದಿಂದ ಪಂಪೇಶನಿಗೆ ಅಂಗನವಾಡಿಯ ಮೊಟ್ಟೆ ದಿನಾ ಸಿಗುತ್ತಿದೆ. ಅದರ ಜೊತೆಗೆ ಇನ್ನೊಂದೂ ಸಿಗುತ್ತಿದೆ. ಅನುಸೂಯಾ ಎದೆಗವಚಿ ತರುವ ಆ ಮೊಟ್ಟೆ. ದ್ಯಾಮಕ್ಕನ ಹೊರತು ಯಾರಿಗೂ ಇದು ಗೊತ್ತಿಲ್ಲ. ಸರ್ಕಾರದ ಮೊಟ್ಟೆ ಬಿಳಿ, ಇದು ನಾಟಿಕೋಳಿಯದು, ಕಂದು. ಆದ್ದರಿಂದ ಅದನ್ನು ಬೇರೆಯಾಗಿ ಬೇಯಿಸಿ, ತಾವೇ ಸುಲಿದು, ಸಿಪ್ಪೆಯನ್ನು ಒಲೆಯ ಬೂದಿಯಲ್ಲಿ ಹೂತು, ಮಧ್ಯಾಹ್ನ ಮನೆಗೆ ಹೊರಟ ಮಗುವಿನ ಕೈಗೆ ಬಾಗಿಲಲ್ಲಿ ಕೊಡುತ್ತಾರೆ. ಅದನ್ನು ತಿನ್ನುತ್ತಾ ಅವನು ಅಜ್ಜಿಯತ್ತ ಓಡುತ್ತಾನೆ, ತುಟಿಗೆಲ್ಲ ನಾಟಿಮೊಟ್ಟೆಗಷ್ಟೇ ಇರುವ ಆ ದಟ್ಟ ಹಳದಿ ಮೆತ್ತಿಕೊಂಡು.

"ಎಲ್ಲೀತನಕ ಅಕ್ಕಾ?" ಎಂದು ದ್ಯಾಮಕ್ಕ ಒಮ್ಮೆ ಕೇಳಿದ್ದರು. "ಯಜಮಾನ್ರಿಗೂ ಕೆಮ್ಮು. ಅವರಿಗಿ ಬ್ಯಾಡೇನು ತತ್ತಿ?"

"ಕೋಳಿ ಐದು ಅದಾವ, ಅವರಿಗೂ ಮುಟ್ಟತೈತಿ. ಇದು ಮಾತ್ರ ಅವಂದು. ನಾಕು ತಿಂಗಳ ತತ್ತಿ ನಾನು ತಿಂದಂಗ ಆಗೇತಿ. ಕೊಟ್ಟು ಮುಗಸತೀನಿ."

ಹತ್ತು ಗಂಟೆಗೆ ಮಂಜು ಸರಿದು ಗುಡ್ಡದ ಹೆಗಲು ಕಾಣಿಸುತ್ತದೆ. ತೂಕ ಶುರುವಾಗುತ್ತದೆ. ಚಡ್ಡಿಯಂಥ ಜೋಲಿಯಲ್ಲಿ ಕಾಲು ತೂರಿಸಿ ನೇತಾಡುವ ಮಕ್ಕಳು ಕೆಲವು ಅಳುತ್ತವೆ, ಕೆಲವು ಉಯ್ಯಾಲೆಯೆಂದು ಕೇಕೆ ಹಾಕುತ್ತವೆ. ಪಂಪೇಶನ ಸರದಿ ಬರುತ್ತದೆ. ಹೋದ ತಿಂಗಳು ಅವನಿಗೆ ಭೇದಿಯಾಗಿ ಹತ್ತು ಕಿಲೋ ನೂರು ಗ್ರಾಮಿಗೆ ಇಳಿದಿದ್ದ. ಅವನ ವಯಸ್ಸಿಗೆ ಕೆಂಪು ಗೆರೆ ಇರುವುದು ಹತ್ತು ಮುನ್ನೂರಕ್ಕೆ.

ಭೀಮವ್ವ ಉಡದಾರದ ಗಂಟು ಬಿಚ್ಚುತ್ತಾಳೆ. ಅನುಸೂಯಾ ಉಡಿ ಒಡ್ಡುತ್ತಾರೆ. ಕಲ್ಲು ಬಿದ್ದಾಗ ಸೆರಗು ಜಗ್ಗುತ್ತದೆ. ಎಡಗೈಯಿಂದ ಉಡಿ ಹಿಡಿದು, ಬಲಗೈಯಿಂದ ಹುಡುಗನ ಬೆನ್ನು ಹಿಡಿದು, ಮುಳ್ಳು ನಿಲ್ಲುವವರೆಗೆ ಕಾಯುತ್ತಾರೆ. ಮೊದಲು ಅವನ ತೋಳನ್ನು ಒಮ್ಮೆ ಹಿಡಿದು ನೋಡುತ್ತಾರೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಮುಳ್ಳನ್ನು.

"ಎಷ್ಟ್ರಿ ಅಕ್ಕಾ?"

"ನಿಲ್ಲು. ಕಾಲಾಡಸಬ್ಯಾಡಲೇ ಅಪ್ಪಾ, ನನ್ನ ರಾಜ. ಹಾಂ. ಹತ್ತು ಆರುನೂರು."

"ಗೆರಿಗಿಂತ ಮುನ್ನೂರು ಮ್ಯಾಲೆ!" ದ್ಯಾಮಕ್ಕ ಬೆರಳು ಮಡಿಚಿ ಹೇಳುತ್ತಾರೆ. "ಆ ಕಲ್ಲಿನಷ್ಟ ಐತಲ್ಲ ಅಕ್ಕಾ!"

"ಹಸಿರು ಬಂತೇನು?" ಭೀಮವ್ವನ ದನಿ ಸಣ್ಣದು.

"ಇಲ್ಲವ್ವಾ, ಹಳದಿ. ಹಸಿರು ಇನ್ನೂ ದೂರ ಐತಿ. ಆದ್ರ ಇದು ಖರೇ ಹಳದಿ."

ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇನ್ನೂ ಮೂವತ್ತೊಂದು ಮಕ್ಕಳ ತೂಕ ಬಾಕಿಯಿದೆ, ಅವರಲ್ಲಿ ಇಬ್ಬರು ಹಳದಿಯ ಅಂಚಿನಲ್ಲಿದ್ದಾರೆ, ಸಾರಿಗೆ ಬೇಳೆ ನೆನೆಯುತ್ತಿದೆ. ನಿವೃತ್ತಿಗೆ ಇನ್ನೆರಡು ವರ್ಷ. ಆಸೆ ಏನೆಂದು ಕೇಳಿದರೆ ಅನುಸೂಯಾ ಹೇಳುವುದು ಒಂದೇ. "ನನ್ನ ಜಾಗಕ್ಕ ಬರೋ ಹುಡುಗಿಗಿ ಆರೂವರಿ ಕೆಲಸನೂ ಕೆಲಸ ಅಂತ ಯಾರರ ಬರಕೊಟ್ರ ಸಾಕ್ರಿ. ನನಗ ಬಸ್ಸು ಸಿಕ್ತು, ಆಕಿಗಿ ಹೊನ್ನೂರುಸ್ವಾಮಿ ಸಿಗತಾನೋ ಇಲ್ಲೋ."

ಹುಡುಗನನ್ನು ಜೋಲಿಯಿಂದ ಇಳಿಸುತ್ತಾರೆ. ಉಡಿಯಿಂದ ಕಲ್ಲು ತೆಗೆದು ಎರಡೂ ಕೈಯಲ್ಲಿ ಭೀಮವ್ವನಿಗೆ ಒಪ್ಪಿಸುತ್ತಾರೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಮೊಮ್ಮಗನ ಸೊಂಟಕ್ಕೆ ಕಟ್ಟುತ್ತಾಳೆ. ಅಂಗಿ ತೊಡಿಸುತ್ತಾಳೆ. ಹೊರಟವಳು ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಾಳೆ. ಅನುಸೂಯಾ ಮುಂದಿನ ಮಗುವಿಗಾಗಿ ಉಡಿಯನ್ನು ಹಿಡಿದೇ ನಿಂತಿದ್ದಾರೆ. ಭೀಮವ್ವ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ಬಟ್ಟೆಗಂಟನ್ನು ತೆಗೆದು ಆ ಉಡಿಯೊಳಗೆ ಇಡುತ್ತಾಳೆ. ಎರಡು ಸೇರಾದರೂ ಇದ್ದೀತು. ಸೆರಗು ಕಲ್ಲಿಗಿಂತ ಹೆಚ್ಚು ಜಗ್ಗುತ್ತದೆ.

"ಏನವ್ವಾ ಇದು?"

"ಸಜ್ಜಿ ಕಾಳು." ಭೀಮವ್ವ ಯಾರ ಮುಖವನ್ನೂ ನೋಡದೆ ಮೊಮ್ಮಗನ ಕೈ ಹಿಡಿಯುತ್ತಾಳೆ. "ನಿನ್ನ ಕೋಳಿಗೋಳಿಗಿ ಹಾಕು."